ಗೆದ್ದವನ ಚಕ್ರದಲ್ಲಿ ಗಾಳಿ ಎಷ್ಟಿತ್ತು?

ಕತಾರ್‌ನಲ್ಲಿ ನಡೆದ ಮೋಟೊಜಿಪಿ ಎಂಬ ವಿಶ್ವಮಟ್ಟದ ಬೈಕ್ ರೇಸಿನಲ್ಲಿ ಎರಡನೆಯವನಾಗಿ ಬಂದು, ಗೆದ್ದವರ ಕಟ್ಟೆ ಹತ್ತಿ, ಕೈಬೀಸಿ, ಮೈಕ್ ಹಿಡಿದವರಿಗೆಲ್ಲ ತನ್ನ ಸಂತೋಷ ಹಂಚಿ, ಮಲಗುವ ಹೊತ್ತಿಗೆ ಹದಿನಾಲ್ಕನೆಯವನಾಗಿದ್ದ ಮಾವೆರಿಕ್ ವಿನ್ಯಾಲೆಸ್‌ನ ಸಮಾಚಾರ ನಿಮಗೆ ಗೊತ್ತೇ ಇದೆ. ನಾನಂತೂ ಆ ಭಾನುವಾರ, ಅಂದರೆ 2025ರ ಏಪ್ರಿಲ್ 13ರಂದು, ರಾತ್ರಿ ಹನ್ನೊಂದು ದಾಟುವವರೆಗೆ ಕಣ್ಣುಜ್ಜಿಕೊಂಡು ಕೂತಿದ್ದು, ರೇಸು ಮುಗಿಯಿತೆಂದು ಟೀವಿ ಆರಿಸಿ ಮಲಗಿದೆ. ಬೆಳಗ್ಗೆ ಕಾಫಿ ಲೋಟದ ಜೊತೆ ಫೋನ್ ಎತ್ತಿಕೊಂಡರೆ ನಾನು ನೋಡಿದ ರೇಸೇ ಬೇರೆ, ನಡೆದ ರೇಸೇ ಬೇರೆ. ಎರಡನೇ ಸ್ಥಾನ ಬನ್ಯಾಯಾನ ಪಾಲಾಗಿತ್ತು, ಮೂರನೆಯದು ಮೊರ್ಬಿಡೆಲ್ಲಿಗೆ. ವಿನ್ಯಾಲೆಸ್‌ನ ಇಪ್ಪತ್ತು ಅಂಕ ಎರಡಾಗಿತ್ತು. ಅವನ ಖಾತೆಗೆ ಸೊನ್ನೆ ತಪ್ಪಿ ಬಿದ್ದಿತ್ತೆಂದು ಬ್ಯಾಂಕಿನವರು ಬೆಳಗಾಗುವುದರೊಳಗೆ ವಾಪಸ್ ತೆಗೆದುಕೊಂಡ ಹಾಗೆ.

ಮಾಡಿದ ಪಾಪವೇನು? ಯಾರನ್ನೂ ಬೀಳಿಸಲಿಲ್ಲ, ಅಡ್ಡ ಹಾಯಲಿಲ್ಲ, ಸಿಗ್ನಲ್ ಜಂಪ್ ಮಾಡಲಿಲ್ಲ. ಮುಂದಿನ ಟೈರಿನಲ್ಲಿ ಗಾಳಿ ಕಡಿಮೆ ಇತ್ತು.

ನಿಯಮ ಸರಳ. ಮುಂದಿನ ಟೈರಿನ ಗಾಳಿ 1.8 ಬಾರ್‌ಗಿಂತ ಕೆಳಗಿಳಿಯಬಾರದು. ಭಾನುವಾರದ ರೇಸಿನಲ್ಲಿ ನೂರಕ್ಕೆ 60ರಷ್ಟು ಸುತ್ತುಗಳಲ್ಲಿ, ಶನಿವಾರದ ಗಿಡ್ಡ ರೇಸಾದ ಸ್ಪ್ರಿಂಟಿನಲ್ಲಿ 30ರಷ್ಟು ಸುತ್ತುಗಳಲ್ಲಿ ಅಷ್ಟು ಗಾಳಿ ಇದ್ದೇ ಇರಬೇಕು. ಉಳಿದ ಸುತ್ತುಗಳಲ್ಲಿ ದೇವರು ಕೊಟ್ಟಷ್ಟು. ತಪ್ಪಿದರೆ ರೇಸಿಗೆ 16 ಸೆಕೆಂಡ್ ದಂಡ, ಸ್ಪ್ರಿಂಟಿಗೆ 8. ಇದನ್ನು ಓದಿದ ಕೂಡಲೇ ನನಗೆ ನನ್ನ ಕಾಲೇಜು ನೆನಪಾಯಿತು. ಅಟೆಂಡೆನ್ಸ್ ಶಾರ್ಟೇಜ್! ಆದರೆ ನಮ್ಮ ಪ್ರಿನ್ಸಿಪಾಲರು ಎಷ್ಟೇ ಕಠೋರವಾಗಿದ್ದರೂ ಹಾಲ್ ಟಿಕೆಟ್ ಕೊಡುವ ಮೊದಲೇ ಕರೆದು ಉಗಿಯುತ್ತಿದ್ದರು. ಪರೀಕ್ಷೆ ಬರೆಸಿ, ಫಲಿತಾಂಶ ಹಚ್ಚಿ, ಮನೆಯವರು ಊರಿಗೆಲ್ಲ ಪೇಡ ಹಂಚಿದ ಮೇಲೆ "ಏನಪ್ಪಾ, ಆಗಸ್ಟ್‌ನಲ್ಲಿ ನೀನು ನಾಲ್ಕು ದಿನ ಕಡಿಮೆ ಬಂದಿದ್ದೆಯಲ್ಲ" ಎನ್ನುತ್ತಿರಲಿಲ್ಲ.

1.8 ಬಾರ್ ಎಂದರೆ ಎಷ್ಟು ಎಂದು ಕುತೂಹಲಕ್ಕೆ ಲೆಕ್ಕ ಹಾಕಿದೆ. ಹತ್ತಿರ ಹತ್ತಿರ 26 ಪಿಎಸ್‌ಐ. ನನ್ನ ಹಳೇ ನೂರು ಸಿಸಿ ಬೈಕಿನ ಚೈನ್ ಕವರ್ ಮೇಲೆ ಅರ್ಧ ಕಿತ್ತುಹೋದ ಸ್ಟಿಕ್ಕರ್ ಒಂದಿದೆ. ಅದರ ಪ್ರಕಾರ ಮುಂದಿನ ಚಕ್ರಕ್ಕೆ 25. ಅಂದರೆ ಗಂಟೆಗೆ 350 ಕಿಲೋಮೀಟರ್ ಆಸುಪಾಸಿನಲ್ಲಿ ಹಾರುವ ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೂ, ಹಾಲಿನ ಪ್ಯಾಕೆಟ್ ತರಲು ಹೋಗುವ ನನ್ನ ಗಾಡಿಗೂ ಗಾಳಿಯ ಮಟ್ಟಿಗೆ ಒಂದೇ ಒಂದು ಪಿಎಸ್‌ಐ ವ್ಯತ್ಯಾಸ. ಇದನ್ನು ಮನೆಯಲ್ಲಿ ಹೆಮ್ಮೆಯಿಂದ ಹೇಳಿದೆ. ಯಾರೂ ತಲೆ ಎತ್ತಲಿಲ್ಲ. (ಅವರದು ಬಿಸಿಯಾದ ಟೈರಿನ ಲೆಕ್ಕ, ನನ್ನದು ತಣ್ಣಗಿರುವುದರದ್ದು ಎಂದು ತಿದ್ದಲು ಬರುವ ಮೆಕ್ಯಾನಿಕಲ್ ಇಂಜಿನಿಯರುಗಳಿಗೆ ಮೊದಲೇ ಒಂದು ನಮಸ್ಕಾರ.)

ಗಾಳಿ ವಿಷಯಕ್ಕೆ ಬಂದಮೇಲೆ ನಮ್ಮ ಬಡಾವಣೆಯ ಪೆಟ್ರೋಲ್ ಬಂಕಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅಲ್ಲಿ "ಉಚಿತ ಗಾಳಿ" ಎಂಬ ಬೋರ್ಡಿದೆ. ಬೋರ್ಡಿನ ಕೆಳಗೆ ಯಂತ್ರವಿದೆ. ಯಂತ್ರದ ಕುತ್ತಿಗೆಗೆ ಸುತ್ತಿದ ಪೈಪಿದೆ. ಪೈಪಿನ ತುದಿಯಲ್ಲಿ ಇರಬೇಕಾದ್ದು ಇಲ್ಲ. ಕೇಳಿದರೆ ಹುಡುಗ ಊಟಕ್ಕೆ ಹೋಗಿದ್ದಾನೆ. ಬೆಳಗ್ಗೆ ಎಂಟಕ್ಕೆ ಹೋದರೂ ಊಟಕ್ಕೇ ಹೋಗಿರುತ್ತಾನೆ, ಸಂಜೆ ಆರಕ್ಕೂ ಊಟಕ್ಕೇ. ಇಷ್ಟು ಊಟ ಮಾಡುವ ಹುಡುಗನನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಮೂರು ವರ್ಷದಿಂದ ಹಂಬಲ. ಹಾಗಾಗಿ ನಾನು ಬಂಕಿನ ಎದುರಿನ ಪಂಚರ್ ಅಂಗಡಿಗೇ ಹೋಗುವುದು. ಅಲ್ಲಿನ ಹುಡುಗನ ಬಳಿ ಮೀಟರ್ ಇದೆ, ಆದರೆ ಅದರ ಮುಳ್ಳು ಕೊರೋನಾ ಕಾಲದಿಂದಲೂ ನಲವತ್ತರಲ್ಲೇ ನಿಂತಿದೆ. ಅವನು ಅದನ್ನು ನೋಡುವುದೂ ಇಲ್ಲ. ಗಾಳಿ ಬಿಡುತ್ತಾ ಬಿಡುತ್ತಾ ಹೆಬ್ಬೆರಳಿನಿಂದ ಟೈರನ್ನು ಒತ್ತುತ್ತಾನೆ, ಎದ್ದು ನಿಂತು ಚಪ್ಪಲಿ ಕಾಲಿನಲ್ಲಿ ಎರಡು ಸಲ ಒದೆಯುತ್ತಾನೆ, ಸದ್ದು ಕೇಳಿ "ಆಯ್ತು ಸಾರ್" ಎನ್ನುತ್ತಾನೆ. ಈ ಹುಡುಗನನ್ನು ಕತಾರ್‌ಗೆ ಕಳಿಸಿದ್ದರೆ ವಿನ್ಯಾಲೆಸ್ ಇವತ್ತಿಗೂ ಎರಡನೆಯವನೇ.

ಅಲ್ಲಿನವರ ಪಾಡು ಬೇರೆ. ಓಟದ ಬೈಕಿನ ಟೈರಿನಲ್ಲಿ ಗಾಳಿ ಎಷ್ಟಿದೆ ಎಂಬುದು ತುಂಬುವವನ ಕೈಯಲ್ಲಿಲ್ಲ, ಯಾರ ಹಿಂದೆ ಓಡುತ್ತೀಯ ಎಂಬುದರ ಮೇಲಿದೆ. ಇನ್ನೊಬ್ಬನ ಬಾಲ ಹಿಡಿದು ಹೋದರೆ ಅವನ ಇಂಜಿನ್ನಿನ ಬಿಸಿಗಾಳಿ ಬಡಿದು ನಿನ್ನ ಟೈರು ಕಾಯುತ್ತದೆ, ಒತ್ತಡ ಏರುತ್ತದೆ. ಒಬ್ಬನೇ ಮುಂದೆ ಹೋದರೆ ತಂಪು ಗಾಳಿಗೆ ಟೈರು ತಣ್ಣಗಾಗಿ ಒತ್ತಡ ಇಳಿಯುತ್ತದೆ. ಆದ್ದರಿಂದ ಮೆಕ್ಯಾನಿಕ್ ಗಾಳಿ ತುಂಬುವ ಮೊದಲು ಭವಿಷ್ಯ ಹೇಳಬೇಕು: ನಮ್ಮ ಹುಡುಗ ಇವತ್ತು ಮುಂದಿರುತ್ತಾನೋ, ಗುಂಪಿನಲ್ಲಿ ಇರುತ್ತಾನೋ? ಹಿಂದೆ ಇರುತ್ತಾನೆಂದು ಕಡಿಮೆ ತುಂಬಿದರೆ, ಅವನು ಪಾಪ ಚೆನ್ನಾಗಿ ಓಡಿಸಿ ಮುಂದೆ ಬಂದುಬಿಟ್ಟರೆ, ಕೆಟ್ಟ. ವಿನ್ಯಾಲೆಸ್ ಆ ರಾತ್ರಿ ಹಲವು ಸಲದ ಚಾಂಪಿಯನ್ ಆದ ಸ್ವತಃ ಮಾರ್ಕ್ ಮಾರ್ಕೆಝ್‌ನನ್ನು ಹಿಂದಿಕ್ಕಿ ಕೆಲವು ಸುತ್ತು ಎಲ್ಲರಿಗಿಂತ ಮುಂದಿದ್ದ. ಜಗತ್ತಿನಲ್ಲಿ ನಿರೀಕ್ಷೆಗಿಂತ ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಸಂಬಳ ಕಡಿತವಾಗುವುದು ಸರ್ಕಾರಿ ಕಚೇರಿಯಲ್ಲಿ ಮಾತ್ರ ಎಂದುಕೊಂಡಿದ್ದೆ.

ಇದನ್ನು ಅರೆದು ಕುಡಿದವನು ಮಾರ್ಕೆಝ್. ಅದೇ ವರ್ಷದ ಮಾರ್ಚ್ 2ರಂದು ಥಾಯ್ಲೆಂಡಿನ ಬುರಿರಾಮ್‌ನಲ್ಲಿ ಅವನು ಮಾಡಿದ್ದು ನೆನಪಿದೆಯಲ್ಲ? ಕೆಂಪು ಡುಕಾಟಿ ಬೈಕಿನಲ್ಲಿ ಮೊದಲ ಭಾನುವಾರದ ರೇಸು, ಆರಾಮವಾಗಿ ಮುಂದಿದ್ದಾನೆ. ಏಳನೇ ಸುತ್ತಿನಲ್ಲಿ ಇದ್ದಕ್ಕಿದ್ದಂತೆ ನಿಧಾನ ಮಾಡಿ ತಮ್ಮ ಅಲೆಕ್ಸ್‌ಗೆ ದಾರಿ ಬಿಟ್ಟ. ನಮ್ಮಲ್ಲಿ ಬದುವಿನ ಗೇಣು ಜಾಗಕ್ಕೆ ಅಣ್ಣತಮ್ಮಂದಿರು ಮೂರು ತಲೆಮಾರು ಕೋರ್ಟು ಅಲೆಯುತ್ತಾರೆ. ಇಲ್ಲಿ ನೋಡಿದರೆ ಗೆಲ್ಲುತ್ತಿದ್ದ ರೇಸನ್ನೇ ಬಿಟ್ಟುಕೊಟ್ಟ! ನನಗೆ ಕಣ್ಣು ತುಂಬಿ ಬಂತು. ಶ್ರವಣಬೆಳಗೊಳದ ಬಾಹುಬಲಿಯೇ ಹೆಲ್ಮೆಟ್ ಹಾಕಿಕೊಂಡು ಬಂದನೇನೋ ಅನ್ನಿಸಿತು. ಆಮೇಲೆ ನೋಡಿದರೆ ತಮ್ಮನ ಸೈಲೆನ್ಸರಿನ ಬಿಸಿಗೆ ಟೈರು ಕಾಯಿಸಿಕೊಳ್ಳುತ್ತಿದ್ದಾನೆ. ಚಳಿಗಾಲದಲ್ಲಿ ಹಂಡೆ ಒಲೆ ಮುಂದೆ ಕೂತ ಅಜ್ಜನ ಹಾಗೆ ಸುಮಾರು ಹದಿನಾರು ಸುತ್ತು ಹಿಂದೆ ಕೂತು, 26 ಸುತ್ತಿಗೆ ನೂರಕ್ಕೆ 60ರ ಲೆಕ್ಕ ಚುಕ್ತಾ ಮಾಡಿ, ಮೂರು ಸುತ್ತು ಉಳಿದಿರುವಾಗ ತಮ್ಮನನ್ನು ದಾಟಿ ಗೆದ್ದ. ಮುಗಿದ ಮೇಲೆ ಅವನೇ ಇದನ್ನೆಲ್ಲ ನಗುನಗುತ್ತಾ ವಿವರಿಸಿದ. ತಮ್ಮ ಪಕ್ಕದಲ್ಲೇ ಇದ್ದ. ಹದಿನಾರು ಸುತ್ತು ತಾನೇ ಮುಂದಿದ್ದೆ ಎಂದು ಮೊಮ್ಮಕ್ಕಳಿಗೆ ಹೇಳಿಕೊಳ್ಳಬಹುದು, ತಾನು ಹಂಡೆ ಒಲೆಯಾಗಿದ್ದೆ ಎಂಬುದನ್ನು ಬಿಟ್ಟು.

ಈಗ ರೇಸು ಮುಗಿದ ಮೇಲಿನ ಮಾತುಗಳನ್ನು ಕೇಳಿ. ಹೆಲ್ಮೆಟ್ ತೆಗೆದ ಸವಾರನ ಕೆನ್ನೆಯ ಮೇಲೆ ಸ್ಪಂಜು ಒತ್ತಿದ ಕೆಂಪು ಗೆರೆ ಇನ್ನೂ ಆರಿರುವುದಿಲ್ಲ. ಬೆವರಿಗೆ ಕೂದಲು ಹಣೆಗೆ ಅಂಟಿರುತ್ತದೆ. ಹಿಂದಿನಿಂದ ಒಂದು ಕೈ ಬಂದು ತಲೆಗೆ ಟೋಪಿ ತೊಡಿಸುತ್ತದೆ, ಇನ್ನೊಂದು ಕೈ ಬಂದು ಬಾಟಲಿಯ ಲೇಬಲ್ಲು ಕ್ಯಾಮೆರಾಗೆ ಕಾಣುವ ಹಾಗೆ ತಿರುಗಿಸಿ ಹಿಡಿಸುತ್ತದೆ. ಆಮೇಲೆ ಶುರು: ಫ್ರಂಟ್ ಫೀಲಿಂಗ್ ಬರಲಿಲ್ಲ, ರಿಯರ್ ಗ್ರಿಪ್ ಸಿಗಲಿಲ್ಲ, ಡೇಟಾ ನೋಡಬೇಕು, ತಂಡಕ್ಕೆ ಧನ್ಯವಾದ. ಗೆದ್ದವನದು ಇಷ್ಟೇ ವ್ಯತ್ಯಾಸ: ಫೀಲಿಂಗ್ ಬಂತು. ಚುನಾವಣೆ ಸೋತ ನಮ್ಮವರು "ಜನರ ತೀರ್ಪಿಗೆ ತಲೆಬಾಗುತ್ತೇನೆ, ಆತ್ಮಾವಲೋಕನ ಸಭೆ ಕರೆಯುತ್ತೇವೆ" ಎನ್ನುವಾಗ ಎಷ್ಟು ಆತ್ಮ, ಎಷ್ಟು ಅವಲೋಕನ ಇರುತ್ತದೋ ಇದರಲ್ಲೂ ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ನಾವು ನಗುತ್ತೇವೆ. ಇಲ್ಲಿ ನೆಲ ಎಷ್ಟು ಡಿಗ್ರಿ ಡೊಂಕಿದೆ ಎಂದು ಹೇಳಲು ಸೆನ್ಸರ್ ಇದೆ, ಅದನ್ನು ಓದಲು ಲ್ಯಾಪ್‌ಟಾಪ್ ಹಿಡಿದ ಇಂಜಿನಿಯರ್ ಇದ್ದಾನೆ.

ಫೀಲಿಂಗ್ ಎಂದರೆ ಬನ್ಯಾಯಾನನ್ನು ಕೇಳಬೇಕು. 2025ರ ಪೂರ್ತಿ ಅವನು ಅದನ್ನೇ ಹುಡುಕುತ್ತಿದ್ದ. ಸೆಪ್ಟೆಂಬರ್ ಕೊನೆಗೆ ಜಪಾನಿನ ಮೊಟೆಗಿಯಲ್ಲಿ ಸಿಕ್ಕಿಬಿಟ್ಟಿತು. ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ, ಅವನದು, ಸ್ಪ್ರಿಂಟ್ ಅವನದು, ಭಾನುವಾರದ ರೇಸೂ ಅವನದು. ಮುಂದಿನ ವಾರ ಇಂಡೊನೇಷ್ಯಾಕ್ಕೆ ಹೋದ. ಸ್ಪ್ರಿಂಟಿನಲ್ಲಿ ಕೊನೆಯವನಾಗಿ ಬಂದ, ಭಾನುವಾರ ಬಿದ್ದ. ಅದೇ ಸವಾರ, ಅದೇ ಕಂಪನಿಯ ಬೈಕು, ನಡುವೆ ಒಂದು ವಿಮಾನ ಪ್ರಯಾಣ. ಫೀಲಿಂಗ್ ಲಗೇಜಿನಲ್ಲಿ ಕಳೆದುಹೋಗಿರಬೇಕು.

ಮೊಟೆಗಿಯ ಆ ಗೆಲುವಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕೊನೆಕೊನೆಯ ಸುತ್ತುಗಳಲ್ಲಿ ಬನ್ಯಾಯಾನ ಬೈಕಿನಿಂದ ಹೊಗೆ ಬರುತ್ತಿತ್ತು. ಸಣ್ಣಪುಟ್ಟ ಹೊಗೆಯಲ್ಲ, ಸೊಳ್ಳೆ ಓಡಿಸಲು ಕಾರ್ಪೊರೇಷನ್ ಗಾಡಿ ಬಿಡುವಂಥದ್ದು. ಎಲ್ಲ ಕ್ಯಾಮೆರಾ ಅದನ್ನೇ ತೋರಿಸುತ್ತಿದ್ದವು. ಹಿಂದೆ ಬರುವವರ ಚಕ್ರಕ್ಕೆ ಎಣ್ಣೆ ಸಿಕ್ಕಿದರೆ ಏನು ಗತಿ ಎಂದು ನಾನು ಸೋಫಾದ ತುದಿಗೆ ಬಂದಿದ್ದೆ. ನಿಲ್ಲಿಸು ಎಂದು ಯಾರೂ ಬಾವುಟ ಬೀಸಲಿಲ್ಲ. ಗೆದ್ದ, ಚಪ್ಪಾಳೆ, ಟೋಪಿ, ಬಾಟಲಿ. ಕಣ್ಣಿಗೆ ಕಾಣುವ ಹೊಗೆಗೆ ರಿಯಾಯಿತಿ, ಕಣ್ಣಿಗೆ ಕಾಣದ ಗಾಳಿಗೆ ಹದಿನಾರು ಸೆಕೆಂಡ್! ಎಮಿಷನ್ ಟೆಸ್ಟ್ ಸರ್ಟಿಫಿಕೇಟು ಯಾವ ವ್ಯಾನಿನಲ್ಲಿ ಮಾಡಿಸಿದ್ದರು ಅಂತ ತಿಳಿದರೆ ನನ್ನ ಬೈಕನ್ನೂ ಅಲ್ಲಿಗೇ ಒಯ್ಯುತ್ತೇನೆ.

ತಮಾಷೆ ಸಾಕು ಅನ್ನಿಸುವುದು ಇಲ್ಲಿ. ಗಾಳಿಯ ನಿಯಮ ಯಾಕೆ ಬಂತು ಎಂದರೆ ಸುರಕ್ಷತೆಗಂತೆ. ಬೈಕುಗಳಿಗೆ ರೆಕ್ಕೆ ಕಟ್ಟಿದರು, ಓಡುವಾಗ ಬೈಕನ್ನೇ ಕೆಳಗೆ ಕೂರಿಸುವ ಯಂತ್ರ ಹಾಕಿದರು, ಮುಂದಿನ ಟೈರಿನ ಮೇಲೆ ಅದು ತಾಳದಷ್ಟು ಭಾರ ಬಿತ್ತು. ಕಡಿಮೆ ಗಾಳಿಯಲ್ಲಿ ಓಡಿಸಿದರೆ ಟೈರು ಕೈಕೊಡಬಹುದು ಎಂದು ಟೈರು ಕಂಪನಿ ಹೇಳಿತು. ಸರಿ. ರೆಕ್ಕೆ ಕತ್ತರಿಸಿದರಾ? 2027ಕ್ಕೆ ನೋಡೋಣ ಎಂದರು. ಟೈರು ಬದಲಿಸಿದರಾ? ಅದೂ 2027ಕ್ಕೆ, ಮಿಷಲಿನ್ ಹೋಗಿ ಪಿರೆಲಿ ಬಂದಮೇಲೆ. ಅಲ್ಲಿಯವರೆಗೆ ಸವಾರನಿಗೆ ದಂಡ. ಕಡಿಮೆ ಗಾಳಿ ನಿಜವಾಗಿ ಪ್ರಾಣಕ್ಕೆ ಅಪಾಯವಾದರೆ ಅವನನ್ನು 22 ಸುತ್ತು ಓಡಲು ಯಾಕೆ ಬಿಟ್ಟಿರಿ? ಸೆನ್ಸರ್ ಇದೆ, ಒತ್ತಡ ಇಳಿದದ್ದು ಗೊತ್ತಾಗುತ್ತದೆ. ಕರೆದು ನಿಲ್ಲಿಸಿ. ಅಪಾಯವಿಲ್ಲದಿದ್ದರೆ ದಂಡ ಯಾಕೆ? ಅಪಾಯದಲ್ಲಿ ಓಡಿಸಿಕೊಂಡು, ಟೀವಿಗೆ ಬೇಕಾದ್ದೆಲ್ಲ ಕೊಡಿಸಿಕೊಂಡು, ಆಮೇಲೆ ನಿನ್ನ ಸುರಕ್ಷತೆಗಾಗಿ ನಿನ್ನ ಅಂಕ ಕಿತ್ತುಕೊಂಡಿದ್ದೇವೆ ಅಂದರೆ ಏನರ್ಥ? ಗುಂಡಿ ಮುಚ್ಚದೆ, ಗುಂಡಿಗೆ ಬಿದ್ದವನಿಗೆ ಹೆಲ್ಮೆಟ್ ಬೆಲ್ಟ್ ಸಡಿಲವಿತ್ತೆಂದು ರಸೀದಿ ಹರಿಯುವ ಬುದ್ಧಿ ಯುರೋಪಿನಲ್ಲೂ ಇದೆ ಎಂದು ತಿಳಿದು ಬೇಜಾರೇ ಆಯಿತು. ಕಪಟವಾದರೆ ಎಲ್ಲಾದರೂ ಕಪಟವೇ.

ಸುರಕ್ಷತೆಯ ಮಾತಿಗೆ ನಮ್ಮದೇ ರೇಸು ನೆನಪಾಗುತ್ತದೆ. 2023ರ ಸೆಪ್ಟೆಂಬರ್ 24, ಗ್ರೇಟರ್ ನೊಯ್ಡಾದ ಬುದ್ಧ್ ಸರ್ಕ್ಯೂಟು. ವೀಸಾ ಕೈಗೆ ಸಿಗದೆ ಸವಾರರ, ತಂಡದವರ ವಿಮಾನ ತಪ್ಪಿದವು. ಬಂದವರಿಗೆ ದೆಹಲಿ ಕಡೆಯ ಸೆಕೆ. 24 ಸುತ್ತಿನ ರೇಸನ್ನು 21ಕ್ಕೆ ಇಳಿಸಿದರು. ಬೆಝ್ಝೆಕ್ಕಿ ಗೆದ್ದ. ಎರಡನೆಯವನಾಗಿ ಬಂದ ಹೋರ್ಹೆ ಮಾರ್ಟಿನ್ ಬೈಕಿನಿಂದ ಇಳಿದು ಹಾಗೇ ಕುಸಿದ, ಮೈಯಲ್ಲಿ ನೀರಿನಂಶವೇ ಇರಲಿಲ್ಲ. ಅವನ ಟೈರಿನಲ್ಲಿ ಗಾಳಿಯಾದರೂ ಸರಿಯಾಗಿದ್ದಿರಬೇಕು ಎಂದುಕೊಳ್ಳುವುದೇ ನಾವು ಪಡಬೇಕಾದ ಸಮಾಧಾನ. ಮುಂದಿನ ವರ್ಷದ ರೇಸು ರದ್ದಾಯಿತು, ಅದರ ಮುಂದಿನ ವರ್ಷವೂ ಬರಲಿಲ್ಲ. ಹೊಸ ಅಳಿಯ ಮೊದಲ ಹಬ್ಬಕ್ಕೆ ಬಂದು, ಮಾವನ ಮನೆ ಫ್ಯಾನಿನ ಕೆಳಗೆ ಒಂದು ರಾತ್ರಿ ಮಲಗಿ, ಮತ್ತೆ ಆ ಊರಿನ ಹೆಸರೆತ್ತದ ಹಾಗೆ.

ಇರಲಿ, ಗಾಳಿಯಿಂದ ಒಳ್ಳೆಯದಾದವರೂ ಇದ್ದಾರೆ. 2024ರಲ್ಲಿ ಸ್ಪೇನಿನ ಹೆರೆಝ್ ಸ್ಪ್ರಿಂಟಿನಲ್ಲಿ ಕ್ವಾರ್ಟರಾರೊ ಮೂರನೆಯವನಾಗಿ ಬಂದು ಕಡಿಮೆ ಗಾಳಿಯ ದಂಡಕ್ಕೆ ಸಿಕ್ಕಿ ಹಿಂದೆ ಬಿದ್ದ. ಮೂರನೇ ಸ್ಥಾನ ಡಾನಿ ಪೆಡ್ರೋಸಾನಿಗೆ ಹೋಯಿತು. ಪೆಡ್ರೋಸಾ 2018ರಲ್ಲೇ ನಿವೃತ್ತಿಯಾದವನು, ಆಗ ಬೈಕು ಪರೀಕ್ಷಿಸುವ ಕೆಲಸ, ಊರ ಜಾತ್ರೆಗೆಂದು ಒಂದು ಕೈ ನೋಡಲು ಬಂದಿದ್ದ. ಪಿಂಚಣಿ ತೆಗೆದುಕೊಳ್ಳಲು ಕಚೇರಿಗೆ ಹೋದವನಿಗೆ ಪ್ರಮೋಷನ್ ಆರ್ಡರ್ ಕೊಟ್ಟು ಕಳಿಸಿದರು. ನನಗೆ ಆ ದಿನ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಪಂಚರ್ ಅಂಗಡಿಯಲ್ಲಿ ಕೂತು ಇದನ್ನೆಲ್ಲ ಆ ಹುಡುಗನಿಗೆ ಹೇಳಿದೆ. ಅಣ್ಣ ತಮ್ಮನ ಹಿಂದೆ ಹೋಗಿ ಟೈರು ಕಾಯಿಸಿದ್ದಕ್ಕೆ ನಕ್ಕ. ಹದಿನಾರು ಸೆಕೆಂಡಿನ ಮಾತು ನಂಬಲಿಲ್ಲ. ಹೆಬ್ಬೆರಳಿನಿಂದ ನನ್ನ ಮುಂದಿನ ಚಕ್ರ ಒತ್ತಿ, ಎದ್ದು ಎರಡು ಸಲ ಒದ್ದು, ಪೈಪ್ ಸುತ್ತುತ್ತಾ ಕೇಳಿದ:

"ರೇಸ್‌ನಲ್ಲಿ ಗಾಳಿ ಕಮ್ಮಿ ಅಂತ ಗೊತ್ತಾದ್ರೆ ಅವ್ರು ಏನ್ ಮಾಡ್ತಾರೆ ಸಾರ್?"

"ಇಂಟರ್‌ವ್ಯೂ ಕೊಡ್ತಾರೆ."

ಅವನು ಆಗಲೇ ಹತ್ತು ರೂಪಾಯಿಗೆ ಕೈ ಚಾಚಿದ್ದ.