ಕೋಣ ಎಲ್ಲಿ?

ಹೈಸ್ಕೂಲಿನ ಗ್ರೂಪ್ ಪ್ರಾಜೆಕ್ಟಿನಲ್ಲಿ ಒಬ್ಬರು ಬರೆಯುತ್ತಾರೆ, ಒಬ್ಬರು ಬಣ್ಣ ಹಚ್ಚುತ್ತಾರೆ, ಒಬ್ಬರು ಚಾರ್ಟ್ ಹಿಡಿದು ನಿಲ್ಲುತ್ತಾರೆ. ನಾಲ್ಕನೆಯವರ ಮನೆಯಲ್ಲಿ ಎಲ್ಲರಿಗೂ ತಿಂಡಿ. ಈ ಸಲ ಆ ನಾಲ್ಕನೆಯವಳು ನನ್ನ ಮಗಳು. ಹಾಗಾಗಿ ಜೂನ್ ತಿಂಗಳ ಒಂದು ಭಾನುವಾರ ಮಂಗಳೂರು ಬಿಜೈಯ ನಮ್ಮ ಮನೆಯ ಸಿಟೌಟಿನಲ್ಲಿ ಮೂರು ಒದ್ದೆ ಕೊಡೆಗಳು, ಒಳಗೆ ಅದಕ್ಕಿಂತ ಜಾಸ್ತಿ ಒದ್ದೆಯಾದ ಮೂರು ಮಕ್ಕಳು.

ವಿಷಯ ಸುದ್ದಿಯಲ್ಲಿ ಪಕ್ಷಪಾತ. ಜುಲೈ 1ರ ಪತ್ರಿಕಾ ದಿನಕ್ಕೆ ಶಾಲೆಯಲ್ಲಿ ಕಾರ್ಯಕ್ರಮ. 1843ರಲ್ಲಿ ಅದೇ ದಿನ ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ ನಮ್ಮ ಊರಿನಿಂದ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಕಲ್ಲಚ್ಚಿನ ಮುದ್ರಣ, ಹದಿನೈದು ದಿನಕ್ಕೊಂದು ಸಂಚಿಕೆ. ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಮಗಳು ಇಷ್ಟು ಓದಿದ ಕೂಡಲೇ ಈಸಿ ಚೇರಿನಲ್ಲಿ ತೂಕಡಿಸುತ್ತಿದ್ದ ನನ್ನ ಮಾವ ಎದ್ದು ಕೂತರು.

“ಬಳ್ಳಾರಿಗೆ ಯಾಕೆ? ಇಲ್ಲಿ ಎಂತ ಕಮ್ಮಿ ಇತ್ತು?”

ಬ್ಯಾಂಕಿನಲ್ಲಿದ್ದವರು ಅವರು. ಟ್ರಾನ್ಸ್‌ಫರ್ ಅಂದರೆ 180 ವರ್ಷ ಹಳೆಯದಾದರೂ ಹೊಟ್ಟೆ ಉರಿಯುತ್ತದೆ.

ಟೀಚರ್ ಹೇಳಿದ ವಿಧಾನ ಸರಳ. ಒಂದೇ ಸುದ್ದಿಯನ್ನು ನಾಲ್ಕು ಕಡೆ ಓದಬೇಕು. ತಲೆಬರಹ ಹೇಗಿದೆ, ಯಾವ ಪುಟದಲ್ಲಿದೆ, ಫೋಟೋ ಯಾರದ್ದು, ಮಾತಾಡಿದವರು ಯಾರು ಅಂತ ನೋಡಬೇಕು. ಕನ್ನಡಕದ ಹುಡುಗಿ ಕೆಂಪು ಪೆನ್ನು ಹಿಡಿದು ‘ಎನ್ನಲಾಗಿದೆ’, ‘ಮೂಲಗಳು ತಿಳಿಸಿವೆ’ ಎಂದಿದ್ದಲ್ಲೆಲ್ಲ ಗೆರೆ ಎಳೆದಳು. ಆಮೇಲೆ ನನ್ನ ಕಡೆ ತಿರುಗಿ, “ಆಂಟಿ, ಈ ಎನ್ನಲಾಗಿದೆ ಅಂತ ಅನ್ನುವುದು ಯಾರು?” ಎಂದಳು. ನನಗೆ ನಮ್ಮ ಲೇನಿನ ಇಬ್ಬರು ನೆನಪಾದರು. ಸುಮ್ಮನಿದ್ದೆ.

ಮಕ್ಕಳು ಪೇಪರುಗಳಿಗೆ ಹತ್ತರಲ್ಲಿ ಅಂಕ ಕೊಡಲು ಶುರು ಮಾಡಿದ್ದೇ ತಡ, ಮನೆಯ ಶಾಂತಿ ಹೋಯಿತು. ಮಾವನ ಪೇಪರಿಗೆ ಬಂದದ್ದು ಆರು.

“ಆರಾ! ನಿಮ್ಮ ಅಪ್ಪಂದಿರು ಚಡ್ಡಿ ಹಾಕುವ ಕಾಲದಿಂದ ಓದ್ತಿದ್ದೇನೆ ನಾನು ಇದನ್ನು.”

ಮರುಮೌಲ್ಯಮಾಪನಕ್ಕೆ ಅರ್ಜಿ ಬಿತ್ತು. ಅಡುಗೆಮನೆಯಿಂದ ಎರಡನೇ ಸುತ್ತಿನ ಗೋಳಿಬಜೆ ಬಂದ ಮೇಲೆ ಆರು ಆರೂವರೆ ಆಯಿತು. ಇದನ್ನೂ ಚಾರ್ಟಿನಲ್ಲಿ ಬರೆಯಬೇಕು ಎಂದು ಕನ್ನಡಕದ ಹುಡುಗಿ ಹಟ ಹಿಡಿದಳು. ಉಳಿದವರು ಬಾಯಿ ತುಂಬಿದ್ದರಿಂದ ಉತ್ತರ ಕೊಡಲಿಲ್ಲ.

ಅತ್ತೆಗೆ ಈ ಜಗಳವೇ ಅರ್ಥವಾಗಲಿಲ್ಲ. ಅವರು ಪೇಪರ್ ಓದುವುದು ಶ್ರದ್ಧಾಂಜಲಿ ಪುಟದಿಂದ, ಅಲ್ಲಿಗೇ ಮುಗಿಸುವುದು. ಯಾರ ಪರವೂ ಇಲ್ಲದ ಪುಟ ಅದೊಂದೇ ಅಂತ ಅವರ ವಾದ. ಮಗಳು ಅದನ್ನೂ ತೆಗೆದುಕೊಂಡು ಓದಿದಳು. ಎಲ್ಲರೂ ಸ್ನೇಹಜೀವಿಗಳು, ಕೊಡುಗೈ ದಾನಿಗಳು. “ಅಜ್ಜಿ, ಕೆಟ್ಟವರು ಯಾರೂ ಸಾಯುವುದೇ ಇಲ್ವಾ?” ಎಂದು ಕೇಳಿದಳು. ಅತ್ತೆ ಪೇಪರ್ ಕಸಿದುಕೊಂಡು ಹೋಗಿ ಗೋಳಿಬಜೆಯ ಎಣ್ಣೆ ಇಳಿಯಲು ಹಾಸಿದರು.

ಅದರಲ್ಲೇ ಮಕ್ಕಳಿಗೆ ಬೇಕಾದ ರಸ್ತೆ ಹೊಂಡದ ಸುದ್ದಿ ಇತ್ತು. ಓಡಿ ಹೋಗಿ ಎತ್ತುವಾಗ ಪೇಪರ್ ಪೂರ್ತಿ ಪಾರದರ್ಶಕ. ಉದ್ಘಾಟನೆಗೆ ಬಂದ ಗಣ್ಯರ ಹೊಟ್ಟೆಯೊಳಗಿಂದ ಹಿಂದಿನ ಪುಟದ ಜಾಹೀರಾತು ತಲೆಕೆಳಗಾಗಿ ಕಾಣುತ್ತಿತ್ತು. “ಸುದ್ದಿಯ ಹಿಂದೆ ಯಾರಿದ್ದಾರೆ ಅಂತ ನೋಡಲಿಕ್ಕೆ ಎಣ್ಣೆ ಹಾಕಿದರೆ ಸಾಕು” ಎಂದ ಬಣ್ಣದ ಹುಡುಗ. ಪ್ರಾಜೆಕ್ಟಿಗೆ ಅವನ ಕೊಡುಗೆ ಅಷ್ಟೇ. ಆದರೆ ಒಳ್ಳೆಯ ಕೊಡುಗೆ. ಇನ್ನೊಂದು ಸುದ್ದಿಯನ್ನು ಕತ್ತರಿಸಿದಾಗ ಹಿಂದೆ ಮಾವ ಅರ್ಧ ತುಂಬಿಸಿದ ಪದಬಂಧ ಹೋಯಿತು. ಆ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟೆಲ್ಲ ಆಗುವಾಗ ಚಾರ್ಟ್ ಹಿಡಿಯುವ ಹುಡುಗ ಒಂದು ಮೂಲೆಯಲ್ಲಿ ಗೋಳಿಬಜೆ ತಿನ್ನುತ್ತಾ ಕೂತಿದ್ದ. ಅವನ ಮಾವನ ಮನೆ ಮೂಡುಬಿದಿರೆ ಹತ್ತಿರ. ಕಂಬಳದ ಕೋಣ ಸಾಕುವ ಮನೆ. ಮೆಲ್ಲನೆ, “ಶ್ರೀನಿವಾಸ ಗೌಡರ ಸುದ್ದಿ ತೆಗೊಳ್ಳುವನಾ?” ಎಂದ.

ನೆನಪುಂಟಲ್ವಾ? 2020ರ ಫೆಬ್ರವರಿ, ಐಕಳ ಕಂಬಳ. 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, ಗೌಡರು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕ್ಯಾಲ್ಕ್ಯುಲೇಟರ್ ಹಿಡಿದು ನೂರು ಮೀಟರಿಗೆ 9.55 ಸೆಕೆಂಡ್ ಅಂತ ಲೆಕ್ಕ ಹಾಕಿದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಮುಗಿಯಿತು. ದೇಶವೆಲ್ಲ ಅದೇ ಸುದ್ದಿ. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸಿಗೆ ಕರೆದರು. ಗೌಡರು ಮಾತ್ರ ಬೋಲ್ಟ್ ಜೊತೆ ತನ್ನನ್ನು ಹೋಲಿಸುವುದು ಬೇಡ ಅಂದರು. ಟ್ರಯಲ್ಸಿಗೂ ಹೋಗಲಿಲ್ಲ. ಇಡೀ ಗದ್ದಲದಲ್ಲಿ ತಲೆ ಸರಿ ಇದ್ದವರು ಅವರೊಬ್ಬರೇ ಅಂತ ನನಗೆ ಈಗಲೂ ಅನಿಸುತ್ತದೆ.

ಕನ್ನಡಕದ ಹುಡುಗಿ ಲೆಕ್ಕಕ್ಕೆ ಇಳಿದಳು. ನಿಂತಲ್ಲಿಂದ ವೇಗ ಹಿಡಿಯುವುದರಲ್ಲೇ ಓಟಗಾರನ ಸಮಯ ಜಾಸ್ತಿ ಹೋಗುತ್ತದೆ. ದೂರ ಉದ್ದವಾದಷ್ಟು ಆ ನಷ್ಟ ಹಂಚಿಹೋಗುತ್ತದೆ. ಅದೇ 2009ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬೋಲ್ಟ್ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದರು. ಕೊನೆಯ ನೂರು ಮೀಟರಿಗೆ ಹಿಡಿದದ್ದು 8.70 ಮಾತ್ರ. ಹೋಲಿಸುವುದಾದರೆ 142.5ನ್ನು ಇದರ ಪಕ್ಕ ಇಡಬೇಕಿತ್ತು. ಮಾವ ಗಣಿತ ಒಪ್ಪಿದರು, ಮನಸ್ಸು ಒಪ್ಪಲಿಲ್ಲ. “ಬೋಲ್ಟ್ ಕೆಸರಿನಲ್ಲಿ ಓಡಲಿ ನೋಡುವ.”

“ಅದೆಲ್ಲ ಸರಿ ಅಜ್ಜ” ಎಂದ ಚಾರ್ಟಿನ ಹುಡುಗ. “ಕೋಣ ಎಲ್ಲಿ?”

ಎಲ್ಲರೂ ಅವನನ್ನು ನೋಡಿದರು. ಅವನು ಆ ಹಳೆಯ ಸುದ್ದಿಗಳನ್ನು ಒಂದೊಂದಾಗಿ ತೋರಿಸಿದ.

“ಓಡಿದ್ದು ಕೋಣ. ಗೌಡರು ಹಿಂದೆ ಹಿಡ್ಕೊಂಡು ಓಡಿದ್ದು. ಇದರಲ್ಲಿ ಕೋಣ ಕೊನೆಯ ಪ್ಯಾರಾದಲ್ಲಿ ಉಂಟು. ಇದರಲ್ಲಿ ಫೋಟೋದಿಂದಲೇ ತೆಗ್ದಿದ್ದಾರೆ, ಬಾಲ ಮಾತ್ರ ಬಿಟ್ಟಿದ್ದಾರೆ.”

ನಿಜವಾಗಿಯೂ ಬಾಲ ಇತ್ತು. ನಮ್ಮೂರಿನ ಫಲಿತಾಂಶದ ಸುದ್ದಿಯೂ ಅವನಿಗೆ ಸಮಾಧಾನ ಇಲ್ಲ. ಹಗ್ಗ ಹಿರಿಯ, ನೇಗಿಲು ಹಿರಿಯ, ಅಡ್ಡ ಹಲಗೆ, ಹೀಗೆ ಕಂಬಳದ ಎಲ್ಲ ವಿಭಾಗಗಳಲ್ಲೂ ಯಜಮಾನರ ಹೆಸರು, ಓಡಿಸಿದವರ ಹೆಸರು. ಒಬ್ಬರದ್ದೇ ಎರಡು ಜೋಡಿ ಇದ್ದರೆ ‘ಎ’ ಮತ್ತು ‘ಬಿ’. ಮನೆಯಲ್ಲಿ ಹೆಸರಿಟ್ಟು ಕರೆದು, ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ ಬೆಳೆಸಿದ ಕೋಣ ಪೇಪರಿನಲ್ಲಿ ‘ಬಿ’. ಅಷ್ಟು ಹೊತ್ತು ವಿಶೇಷಣಗಳಿಗೆ ಗೆರೆ ಎಳೆಯುತ್ತಿದ್ದ ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು. ಬರೆದದ್ದರಲ್ಲಿ ಹುಡುಕುತ್ತಿದ್ದರು ಇವರು. ಅವನು ಬರೆಯದೆ ಬಿಟ್ಟದ್ದನ್ನು ತೋರಿಸಿದ್ದ.

ಆಮೇಲೆ ಮಕ್ಕಳನ್ನು ಹಿಡಿಯಲಿಕ್ಕೆ ಆಗಲಿಲ್ಲ. ಕೊಟ್ಟಾರ ಚೌಕಿಯಲ್ಲಿ ನೀರು ತುಂಬಿದ ಸುದ್ದಿಯಲ್ಲಿ ರೈನ್‌ಕೋಟ್ ಹಾಕಿ ಪರಿಶೀಲಿಸುವವರ ಫೋಟೋ ಇದೆ. ನೀರು ನುಗ್ಗಿದ ಅಂಗಡಿಯವನು ಎಲ್ಲಿ? ಕೋಣ! ಬಸ್ ದರದ ಸುದ್ದಿಯಲ್ಲಿ ಮಾಲಕರೂ ಅಧಿಕಾರಿಗಳೂ ಮಾತಾಡಿದ್ದಾರೆ. ಫುಟ್‌ಬೋರ್ಡಿನಲ್ಲಿ ನೇತಾಡುವವರು? ಕೋಣ! ಸಂಜೆ ನನ್ನ ಗಂಡ ಬಂದವರೇ ತಿಂಡಿ ಭಾರೀ ಲಾಯ್ಕಾಗಿದೆ ಎಂದು ಅತ್ತೆಯನ್ನು ಹೊಗಳಿದರು. ಹಿಟ್ಟು ಕಲಸಿದ್ದು ನಾನು. ಯಾರೂ ಏನೂ ಹೇಳಲಿಲ್ಲ. ಮಗಳು ಮಾತ್ರ ನನ್ನನ್ನು ನೋಡಿ ಎರಡು ಬೆರಳು ತಲೆಯ ಮೇಲೆ ಕೊಂಬಿನ ಹಾಗೆ ಇಟ್ಟಳು.

ಜೂನ್ 30ರ ಸಂಜೆ ಕರಾವಳಿಗೆ ರೆಡ್ ಅಲರ್ಟ್. 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರಬಹುದು ಎಂದು ಅದರ ಅರ್ಥ. ನಮ್ಮ ಜಿಲ್ಲೆಯ ಮಕ್ಕಳಿಗೆ ಅದರ ಅರ್ಥ ಬೇರೆ. ಸ್ವಲ್ಪ ಹೊತ್ತಿಗೆ ವಾಟ್ಸ್ಆ್ಯಪಿನಲ್ಲಿ ಜಿಲ್ಲಾಧಿಕಾರಿಯವರ ರಜೆ ಆದೇಶ ಬಂತು. ಸೀಲು, ಸಹಿ ಎಲ್ಲ ಉಂಟು. ಒಂದು ವಾರ ಎಲ್ಲದರಲ್ಲೂ ತಪ್ಪು ಹುಡುಕಿದ ಗುಂಪು ಇದನ್ನು ಒಂದೇ ಉಸಿರಿಗೆ ನಂಬಿತು. ಚಾರ್ಟಿನ ಕೊನೆಯ ಕಾಲಮ್ ಖಾಲಿ ಬಿಟ್ಟು ಮಗಳು ಟಿವಿ ಮುಂದೆ ಕೂತಳು. ರಾತ್ರಿ ಹತ್ತಕ್ಕೆ ಕನ್ನಡಕದ ಹುಡುಗಿಯ ಫೋನ್. ಆದೇಶದ ತಾರೀಕು ಕಳೆದ ವರ್ಷದ್ದಂತೆ. ಸುಳ್ಳು ಹರಡಿದವರ ಮೇಲೆ ಯಾರಿಗೂ ಕೋಪ ಇಲ್ಲ. ಕೋಪವೆಲ್ಲ ತಾರೀಕು ನೋಡಿದ ಹುಡುಗಿಯ ಮೇಲೆ.

ಬೆಳಿಗ್ಗೆ ಶಾಲೆ ಇತ್ತು, ಮಳೆಯೂ ಇತ್ತು. ಬಸ್ಸಿನಿಂದ ಗೇಟಿಗೆ ಓಡುವಷ್ಟರಲ್ಲಿ ಸ್ಕೆಚ್ ಪೆನ್ನಿನ ಶಾಯಿ ಕರಗಿ ಎಲ್ಲ ಪತ್ರಿಕೆಗಳ ಅಂಕ ಒಂದೇ ಗುಲಾಬಿ ಬಣ್ಣ. ಸಭೆಯಲ್ಲಿ ಅತಿಥಿಗಳ ಭಾಷಣ ಮುಗಿಯುವಾಗ ಊಟದ ಬೆಲ್ಲಿಗೆ ಸ್ವಲ್ಪವೇ ಹೊತ್ತು ಬಾಕಿ. ನನ್ನ ಮಗಳು ಮೋಗ್ಲಿಂಗರನ್ನು ಬಳ್ಳಾರಿಗೆ ತಲುಪಿಸಿದಳು, ಅಲ್ಲಿಗೆ ಅವಳ ಸಮಯ ಮುಗಿಯಿತು. ಓದಲಿಕ್ಕೆ ಚಾರ್ಟ್ ಇಲ್ಲ. ಕಡೆಗೆ ಚಾರ್ಟ್ ಹಿಡಿದವನೇ ಬಾಯಿ ತೆರೆದ. ಮೈಕ್ ಕೈಕೊಟ್ಟರೂ ಹಿಂದಿನ ಬೆಂಚಿನವರೆಗೆ ಕೇಳಿಸಿತು. ಕಂಬಳದ ಮನೆಯವನಲ್ವಾ, ಗಂಟಲು ಉಂಟು. “ಕೋಣ ಎಲ್ಲಿ?” ಎಂದು ಅವನು ಕೇಳಿದ ಪ್ರತಿ ಸಲವೂ ಇಡೀ ಹಾಲ್ ಕೂಗಿತು. ಮಾವ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಎರಡು ದಿನ ಬಿಟ್ಟು ಮಾವನ ಪೇಪರಿನಲ್ಲಿ ಸುದ್ದಿ ಬಂತು. ಸಂಚಾಲಕರು ಅಧ್ಯಕ್ಷತೆ ವಹಿಸಿದ್ದರು. ಅತಿಥಿಗಳು ದೀಪ ಬೆಳಗಿಸಿದರು. ಒಬ್ಬರು ಸ್ವಾಗತಿಸಿದರು, ಒಬ್ಬರು ನಿರೂಪಿಸಿದರು, ಒಬ್ಬರು ವಂದಿಸಿದರು. ಎಲ್ಲರ ಹೆಸರೂ ಹುದ್ದೆ ಸಹಿತ. ಕೊನೆಗೆ, ವಿದ್ಯಾರ್ಥಿಗಳು ಉಪಸ್ಥಿತರಿದ್ದರು. ಫೋಟೋದ ಎಡ ಅಂಚಿನಲ್ಲಿ ಒಂದು ಮೊಣಕೈ ಮತ್ತು ಗುಲಾಬಿ ಚಾರ್ಟಿನ ತುದಿ.

ಮಾವ ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಮೊಮ್ಮಗಳ ಕೆಂಪು ಪೆನ್ನು ಕೇಳಿ ತೆಗೆದುಕೊಂಡರು.

“ನಾಲ್ಕು” ಎಂದರು. “ಅದೂ ಪದಬಂಧಕ್ಕೆ.”