ಒಂದು ಚಮಚ ಕುದುರೆ

ಆ ಜಾಹೀರಾತು ನಿಮಗೂ ಬಂದಿರುತ್ತದೆ. ಸುಳ್ಳು ಹೇಳಬೇಡಿ. ಮೊಬೈಲಿನಲ್ಲಿ ಬಿಸಿಬೇಳೆ ಬಾತ್ ಮಾಡುವುದನ್ನು ನೋಡುತ್ತಿರುತ್ತೀರಿ, ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ. ಹೆಬ್ಬೆರಳು ಚೂರು ಜಾರಿದರೆ ಸಾಕು, ಬಿಳಿ ಕೋಟು ಹಾಕಿದವನೊಬ್ಬ ಬಂದು "ರಾತ್ರಿ ಹೊತ್ತು ಸುಸ್ತಾಗುತ್ತಾ?" ಅಂತ ಕೇಳುತ್ತಾನೆ. ಅವನ ಹಿಂದೆ ಒಂದು ಕುದುರೆ ಓಡುತ್ತಿರುತ್ತದೆ. ಗಾಬರಿಯಲ್ಲಿ ಸೌಂಡ್ ಕಮ್ಮಿ ಮಾಡಲು ಹೋದರೆ ಜಾಸ್ತಿಯಾಗುತ್ತದೆ. ರಾತ್ರಿ ಹೊತ್ತು ಸುಸ್ತು, ಹೌದಪ್ಪಾ. ರಾತ್ರಿ ಇರೋದೇ ಅದಕ್ಕಲ್ವಾ?

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯುವ ನಮ್ಮ ಗುಂಪಿನಲ್ಲಿ ಐದು ಜನ. ಎಲ್ಲ ಕೂಡಿಸಿದರೆ ಮೂರು ಸಕ್ಕರೆ ಕಾಯಿಲೆ, ನಾಲ್ಕು ಬಿಪಿ, ಒಂದು ಸ್ಟೆಂಟ್. ಹೋದ ವಾರ ಅವರಲ್ಲೊಬ್ಬರು, ರಿಟೈರ್ಡ್ ಎಂಜಿನಿಯರ್, ಜರ್ಕಿನ್ ಒಳಗಿಂದ ಅದೇ ಜಾಹೀರಾತಿನ, ಗಂಡಸರ ಶಕ್ತಿಯ ಲೇಹ್ಯದ ಡಬ್ಬಿ ತೆಗೆದರು. ಮನೆಗೆ ಬಂದರೆ ಸೊಸೆ ಕೈಗೆ ಸಿಗುತ್ತದೆ ಅಂತ ಪರಿಚಯದ ಅಂಗಡಿ ವಿಳಾಸಕ್ಕೆ ತರಿಸಿದ್ದಂತೆ. ಬೆಲೆ 1,999 ರೂಪಾಯಿ. ಮುಚ್ಚಳದ ಮೇಲೆ ಮುಂಗಾಲೆತ್ತಿದ ಕುದುರೆ.

"ಸಾರ್, ಮೊದಲು ನೀವು."

"ಛೆ ಛೆ, ನೀವು ಸೀನಿಯರ್ರು ಸಾರ್."

ಕೊನೆಗೆ ಐಸ್‌ಕ್ರೀಮಿನ ಮರದ ಚಮಚದಲ್ಲಿ ಎಲ್ಲರಿಗೂ ಒಂದೊಂದು ತುದಿ ಸಿಕ್ಕಿತು. ಮೊದಲು ಸಿಹಿ. ಬೆಲ್ಲದ್ದೇ ಸಿಹಿ. ಆದರೆ ಆಲೆಮನೆಯಲ್ಲಿ ಕೊಪ್ಪರಿಗೆ ತಳ ಹಿಡಿದಾಗ ಕೆರೆದು ಬಿಸಾಡುತ್ತಾರಲ್ಲ, ಆ ಬೆಲ್ಲ. ಮಂಡ್ಯದವರು ಯಾರಾದರೂ ಇದ್ದಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದರು. ಸಿಹಿ ಎರಡು ಕ್ಷಣ ಇತ್ತು. ಆಮೇಲೆ ನಾಲಿಗೆಯ ಹಿಂಭಾಗದಲ್ಲಿ ಕಹಿ ಕೂತಿತು. ನುಂಗಿದ ಮೇಲೆ ಗಂಟಲಿನಿಂದ ಒಂದು ವಾಸನೆ ವಾಪಸ್ ಬಂತು, ಮಳೆಯಲ್ಲಿ ನೆಂದ ಗೋಣಿಚೀಲದ್ದು. ಯಾರೂ ಮಾತಾಡಲಿಲ್ಲ. ಎಂಜಿನಿಯರ್ ಮಾತ್ರ "ಸ್ಟ್ರಾಂಗ್ ಇದೆ" ಅಂದರು. ಎರಡು ಸಾವಿರ ಕೊಟ್ಟವರು ಇನ್ನೇನು ಹೇಳಿಯಾರು.

ಅವರ ತಪ್ಪಲ್ಲ. ಬಾಯಿಗೆ ಕೆಟ್ಟದ್ದೆಲ್ಲ ಮೈಗೆ ಒಳ್ಳೆಯದು ಅಂತ ನಮ್ಮನ್ನು ಬೆಳೆಸಿದ್ದೇ ಹಾಗೆ. ಅದೇ ಲೇಹ್ಯ ಮೈಸೂರು ಪಾಕಿನ ರುಚಿಯಲ್ಲಿ ಇದ್ದಿದ್ದರೆ ಒಬ್ಬನೂ ಎರಡು ಸಾವಿರ ಕೊಡುತ್ತಿರಲಿಲ್ಲ. ಚೆನ್ನಾಗಿದೆ, ಅಂದಮೇಲೆ ಕೆಲಸ ಮಾಡಲ್ಲ ಬಿಡಿ ಅಂತ ಚಪ್ಪರಿಸಿಕೊಂಡು ಹೋಗುತ್ತಿದ್ದೆವು.

ಡಬ್ಬಿಯ ಮೇಲೆ ಮೊದಲು ಬರೆದಿದ್ದ ಹೆಸರು ಅಶ್ವಗಂಧ. ಕನ್ನಡದಲ್ಲಿ ಹಿರೇಮದ್ದು ಅಂತ ಇದಕ್ಕೆ ಗಂಭೀರವಾದ ಹೆಸರೇ ಇದೆ, ಆದರೆ ಹಿರೇಮದ್ದು ಅಂದರೆ ಕುದುರೆ ಚಿತ್ರ ಹಾಕೋಕೆ ಆಗಲ್ಲ. ಅಶ್ವಗಂಧ ಅಂದರೆ ಕುದುರೆಯ ವಾಸನೆ, ಅಷ್ಟೇ. ಹಸಿ ಬೇರಿಗೆ ಆ ವಾಸನೆ ಇದೆ ಅಂತ ಹಿರಿಯರು ಪ್ರಾಮಾಣಿಕವಾಗಿ ಹೆಸರಿಟ್ಟರು. ವಾಸನೆ ಇದ್ದಮೇಲೆ ಶಕ್ತಿಯೂ ಬರುತ್ತದೆ ಅನ್ನೋದಾದರೆ ಅರಮನೆ ಮುಂದೆ ಟಾಂಗಾ ನಿಲ್ಲುವ ಜಾಗಕ್ಕೆ ಹೋಗಿ ಹತ್ತು ನಿಮಿಷ ಉಸಿರೆಳೆದುಕೊಳ್ಳಿ. ಕಾಸು ಖರ್ಚಿಲ್ಲ. ಅಲ್ಲಿರುವ ಕುದುರೆಗಳ ಮುಖ ನೋಡಿದರೆ ಅವಕ್ಕೂ ರಾತ್ರಿ ಹೊತ್ತು ಸುಸ್ತೇ.

ಹಳೇ ಶಾಸ್ತ್ರವನ್ನು ಬೈಯುವುದು ನನ್ನ ಉದ್ದೇಶ ಅಲ್ಲ. 1908ರಿಂದ ಆಯುರ್ವೇದ ಕಾಲೇಜು ಇರುವ ಊರು ನಮ್ಮದು. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣ, ಅಂದರೆ ಗಂಡಸರ ಶಕ್ತಿ ಹೆಚ್ಚಿಸುವ ಚಿಕಿತ್ಸೆ, ಅದೂ ಒಂದು. ವಾಜಿ ಅಂದರೆ ಮತ್ತೆ ಕುದುರೆಯೇ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಎರಡನೇ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು. ಅದರಲ್ಲಿ ಏನೇನಿದೆ ಅಂತ ನೋಡಿ: ಹಾಲು, ತುಪ್ಪ, ಸಕ್ಕರೆ, ಅಕ್ಕಿ, ಉದ್ದು. ಗುಬ್ಬಿ ಮಾಂಸ ತಿಂದು ಮೇಲೆ ಹಾಲು ಕುಡಿಯಿರಿ ಅಂತಲೂ ಇದೆ. ಮೈಸೂರಿನಲ್ಲಿ ಗುಬ್ಬಿ ಹುಡುಕುವುದರೊಳಗೆ ವಯಸ್ಸೇ ಮುಗಿದಿರುತ್ತದೆ, ಅದು ಬೇರೆ ಮಾತು. ಒಟ್ಟಿನಲ್ಲಿ ಚರಕನ ಕಾಲದವರು ಬಾಯಿ ರುಚಿ ಬಲ್ಲವರು. ಅಕ್ಕಿ, ಉದ್ದು, ತುಪ್ಪ ಅಂದರೆ ಏನು ಸ್ವಾಮಿ? ಇಡ್ಲಿ! ಬೆಳಿಗ್ಗೆ ಏಳಕ್ಕೆ ಹೋಟೆಲ್ ಮುಂದೆ ನಿಂತಿರುವ ಕ್ಯೂ ಪೂರ್ತಿ ವಾಜೀಕರಣದ್ದು. ಮದ್ದೂರು ಸ್ಟೇಷನ್ನಿನಲ್ಲಿ ವಡೆ ಮಾರುವವರಿಗೆ ಮಾತ್ರ ಈ ಪಟ್ಟಿಯಲ್ಲಿ ಜಾಗ ಇಲ್ಲ. ಅವರದು ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ. ಉದ್ದಿಲ್ಲ.

ಈರುಳ್ಳಿ ಇದೆಯಲ್ಲ ಅನ್ನಬಹುದು. ಮಠಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟಿರುವುದು ಅವು ಮನಸ್ಸನ್ನು ಕೆರಳಿಸುತ್ತವೆ ಅಂತ. ನನ್ನ ಅನುಭವದಲ್ಲಿ ಹಸಿ ಬೆಳ್ಳುಳ್ಳಿಯಷ್ಟು ಬ್ರಹ್ಮಚರ್ಯ ಕಾಪಾಡುವ ವಸ್ತು ಇನ್ನೊಂದಿಲ್ಲ. ಕೊಲೆಸ್ಟ್ರಾಲಿಗೆ ಒಳ್ಳೆಯದು ಅಂತ ಯಾರೋ ಹೇಳಿದರು ಅಂತ ಹದಿನೈದು ದಿನ ಬೆಳಿಗ್ಗೆ ಮೂರು ಎಸಳು ಜಗಿದೆ. ಸಿಟಿ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ. ಮನೆಯಲ್ಲೂ ಖಾಲಿ.

ಇನ್ನು ಗರಡಿ ಮನೆ. ಬಾದಾಮಿ ಅರೆದ ಹಾಲು, ತುಪ್ಪ, ಕುಡಿಯಲು ಹಸಿ ನಾಟಿ ಮೊಟ್ಟೆ. ಈಗ ಯಾವುದನ್ನು 'ಗಂಡಸರ ಶಕ್ತಿಗೆ' ಅಂತ ಮಾರುತ್ತಾರೋ ಅದರಲ್ಲಿ ಅರ್ಧ ಪೈಲ್ವಾನರ ಊಟ. ಆ ಪೈಲ್ವಾನರ ಮೊದಲ ನೇಮ ಯಾವುದು? ಬ್ರಹ್ಮಚರ್ಯ! ಲಂಗೋಟಿ ಬಿಗಿದವನು ಹೆಣ್ಣಿನ ಕಡೆ ತಿರುಗಿ ನೋಡುವ ಹಾಗಿಲ್ಲ. ಅಷ್ಟು ಬಾದಾಮಿ ಹಾಲು ಕುಡಿದೂ ನೇಮ ನಡೆಸಿದರಲ್ಲ, ಹಾಲಿನ ಕೈಲಾದದ್ದು ಅಷ್ಟೇ ಅಂತ ಆಯಿತು. ಹಸಿ ಮೊಟ್ಟೆಯ ರುಚಿ ಕೇಳಬೇಡಿ. ಅದಕ್ಕೆ ರುಚಿ ಇಲ್ಲ, ಇಳಿಯುವುದು ಮಾತ್ರ ಇದೆ. ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇದ್ದರೆ ರಾತ್ರಿಯೆಲ್ಲ ಎಚ್ಚರ ಗ್ಯಾರಂಟಿ, ಆದರೆ ಬೇರೆ ಕೋಣೆಯಲ್ಲಿ.

ಹಾಲು ಅಂದಾಗ ಪ್ರಸ್ತದ ಹಾಲು ನೆನಪಾಯಿತು. ಕೇಸರಿ, ಬಾದಾಮಿ, ಪಕ್ಕದಲ್ಲಿ ತಟ್ಟೆ ತುಂಬ ಹಣ್ಣು. ನಂಜನಗೂಡು ರಸಬಾಳೆ ಇದ್ದರಂತೂ ಕೋಣೆಗೆಲ್ಲ ಪರಿಮಳ. ಈ ಇಡೀ ವಿಭಾಗದಲ್ಲಿ ರುಚಿಗೆ ಮೊದಲ ಬಹುಮಾನ ಇದಕ್ಕೇ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಹೋಮದ ಹೊಗೆ ಕುಡಿದು, ಆರುನೂರು ಜನರಿಗೆ ಕೈ ಮುಗಿದು, ಸ್ಟೇಜಿನ ಮೇಲೆ ನಿಂತೂ ನಿಂತೂ ಕಾಲು ಊದಿದ ಇಬ್ಬರಿಗೆ ಬಿಸಿ ಹಾಲು, ಬಾಳೆಹಣ್ಣು ಕೊಟ್ಟರೆ ಏನಾಗುತ್ತದೆ? ನಿದ್ದೆ. ಮಕ್ಕಳಿಗೂ ಅದನ್ನೇ ಕುಡಿಸಿ ಮಲಗಿಸುತ್ತೇವೆ. ಇನ್ನು ನಮ್ಮ ಹಳೇ ಮೈಸೂರಿನ ಹಿರಿಯರ ಲೆಕ್ಕಾಚಾರ ನೋಡಿ. ವೈಶಾಖದಲ್ಲಿ ಮದುವೆ ಮಾಡಿ, ಕೇಸರಿ ಹಾಲು ಕುಡಿಸಿ, ಆಷಾಢ ಬಂದ ಕೂಡಲೇ ಸೊಸೆಯನ್ನು ತವರಿಗೆ ಕಳಿಸಿಬಿಡುತ್ತಾರೆ. ಗಾಡಿ ಸ್ಟಾರ್ಟ್ ಮಾಡಿ ಬ್ಯಾಟರಿ ಕಿತ್ತ ಹಾಗೆ.

ನುಗ್ಗೆಕಾಯಿ ವಿಷಯಕ್ಕೆ ನನಗೆ ನಿಜಕ್ಕೂ ಸಿಟ್ಟಿದೆ. ಒಳ್ಳೆ ತರಕಾರಿ. ತೊಗರಿಬೇಳೆ ಹುಳಿಗೆ ಅದರಷ್ಟು ಒಗ್ಗುವುದು ಯಾವುದಿದೆ? ಬೆಂದ ತುಂಡನ್ನು ಸೀಳಿ, ಒಳಗಿನ ತಿರುಳನ್ನು ಹಲ್ಲಲ್ಲಿ ಎಳೆದರೆ ಹುಳಿಯೆಲ್ಲ ಅದರಲ್ಲೇ ಇರುತ್ತದೆ. ಅದನ್ನು ಸಿನಿಮಾದವರು ಒಮ್ಮೆ ತಮಾಷೆ ಮಾಡಿದ್ದೇ ನೆಪ, ಒಂದು ತಲೆಮಾರು ಪೂರ್ತಿ ಅದನ್ನು ನೋಡಿ ಕಿಸಕ್ ಅಂತು. ದೇವರಾಜ ಮಾರ್ಕೆಟ್ಟಿನಲ್ಲಿ ಕೊಂಡರೆ ಅದರ ಉದ್ದಕ್ಕೆ ಯಾವ ಚೀಲವೂ ಸಾಲದು, ತಲೆ ಆಚೆ ಇಣುಕುತ್ತದೆ. ಬಸ್ಸಿನಲ್ಲಿ ಎದುರು ಸೀಟಿನವರು ಮೊದಲು ನುಗ್ಗೆಕಾಯಿ ನೋಡುತ್ತಾರೆ, ಆಮೇಲೆ ನನ್ನ ನರೆತ ತಲೆ ನೋಡುತ್ತಾರೆ, ಆಮೇಲೆ ಪಾಪ ಅಂತ ಕಿಟಕಿ ಕಡೆ ತಿರುಗುತ್ತಾರೆ. ಸ್ವಾಮಿ, ಹುಳಿಗೆ!

ಶಿಲಾಜಿತು ಬೇಗ ಮುಗಿಸುತ್ತೇನೆ. ಹಿಮಾಲಯದ ಬಂಡೆ ಸಂದಿಯಿಂದ ಬಿಸಿಲಿಗೆ ಒಸರುವ ಕಪ್ಪು ಅಂಟು. ಬಾಯಿಗಿಟ್ಟರೆ ಈಗಷ್ಟೇ ಡಾಂಬರು ಹಾಕಿದ ರಸ್ತೆ ನೆಕ್ಕಿದ ಹಾಗೆ, ಮೇಲೆ ಗಂಜಲದ ವಾಸನೆ. ನಮ್ಮ ಬೀದಿ ಗುಂಡಿಗೆ ಹಾಕಿದ್ದರೆ ಒಂದು ಮಳೆಗಾಲವಾದರೂ ತಡೆಯುತ್ತಿತ್ತು. ಆಂಧ್ರದ ಕೆಲವು ಕಡೆ ಕತ್ತೆ ಮಾಂಸ ತಿಂದರೆ ಶಕ್ತಿ ಅನ್ನುತ್ತಾರೆ. ಕತ್ತೆ ನಮ್ಮ ದೇಶದ ಆಹಾರ ನಿಯಮದಲ್ಲಿ ತಿನ್ನುವ ಪ್ರಾಣಿಯೇ ಅಲ್ಲ. ಕುದುರೆ ಮುಗಿಸಿ ಕತ್ತೆಗೆ ಬಂದೆವು, ಪ್ರಗತಿ ಅಲ್ವಾ?

ಇದೆಲ್ಲ ತಿಂದರೆ ನಿಜಕ್ಕೂ ಏನಾದರೂ ಆಗುತ್ತಾ? ಅಮೆರಿಕದ ಔಷಧ ಇಲಾಖೆ 1989ರಲ್ಲೇ ಒಂದು ತೀರ್ಮಾನ ಬರೆದಿಟ್ಟಿದೆ: ಚೀಟಿ ಇಲ್ಲದೆ ಮಾರುವ ಇಂಥ ಕಾಮೋತ್ತೇಜಕಗಳಲ್ಲಿ ಒಂದೂ ಸುರಕ್ಷಿತ, ಪರಿಣಾಮಕಾರಿ ಅಂತ ಒಪ್ಪಲು ಆಗುವುದಿಲ್ಲ. ಕೊನೆಗೆ ಕೆಲಸ ಮಾಡಿದ್ದು ಎದೆನೋವಿಗೆ ಅಂತ ಪರೀಕ್ಷೆ ಮಾಡುತ್ತಿದ್ದ ಒಂದು ಮಾತ್ರೆ. ಸಿಲ್ಡೆನಾಫಿಲ್, ಅಂದರೆ ವಯಾಗ್ರ. 1998ರಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ, ಕುದುರೆಯೂ ಇಲ್ಲ.

ನಗು ಇಲ್ಲಿಗೆ ಸಾಕು. 'ಶುದ್ಧ ಗಿಡಮೂಲಿಕೆ', 'ಶುದ್ಧ ಜೇನು' ಅಂತ ಮಾರುವ ಎಷ್ಟೋ ಡಬ್ಬಿಗಳಲ್ಲಿ ಇದೇ ಸಿಲ್ಡೆನಾಫಿಲ್ಲನ್ನು ಹೇಳದೆ ಕೇಳದೆ ಬೆರೆಸಿರುವುದು ಪರೀಕ್ಷೆಯಲ್ಲಿ ಸಿಕ್ಕಿದೆ. 2022ರಲ್ಲಿ ಅಮೆರಿಕದಲ್ಲಿ ಜೇನು ಮಾರುವ ನಾಲ್ಕು ಕಂಪನಿಗಳಿಗೆ ಇಂಥ ಕಲಬೆರಕೆಗೇ ಎಚ್ಚರಿಕೆ ಪತ್ರ ಹೋಯಿತು. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವನ ಹೊಟ್ಟೆಗೆ ಇದು ಸೇರಿದರೆ ಬಿಪಿ ಒಮ್ಮೆಲೇ ಕುಸಿಯುತ್ತದೆ. ಜೀವ ಹೋಗಬಹುದು. ನಮ್ಮ ಐದು ಜನರಲ್ಲಿ ಸ್ಟೆಂಟ್ ಹಾಕಿಸಿಕೊಂಡವರ ಅಂಗಿ ಜೇಬಿನಲ್ಲಿ ನಾಲಿಗೆ ಕೆಳಗಿಡುವ ಆ ಮಾತ್ರೆ ಸದಾ ಇರುತ್ತದೆ. ಆ ಬೆಳಿಗ್ಗೆ ಮರದ ಚಮಚದ ತುದಿ ಅವರೂ ನೆಕ್ಕಿದ್ದರು. ನಾನೇ ಕೊಟ್ಟಿದ್ದು. ಡಬ್ಬಿಯೊಳಗೆ ಏನಿತ್ತೋ, ಅವರಿಗೆ ಏನೂ ಆಗಲಿಲ್ಲ. ನಾನು ಎರಡು ರಾತ್ರಿ ಸರಿಯಾಗಿ ಮಲಗಲಿಲ್ಲ.

ಇಂಥ ಜಾಹೀರಾತು ಕೊಡಬಾರದು ಅಂತ ಕಾನೂನು ಇಲ್ಲವೇ? ಇದೆ. 1954ರಿಂದ ಇದೆ. ಲೈಂಗಿಕ ಸುಖದ ಸಾಮರ್ಥ್ಯ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಹಾಕಿದರೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು. ಎಪ್ಪತ್ತು ವರ್ಷ ದಾಟಿದ ಕಾನೂನು. ಅದು ಮಲಗಿರುವ ಗೋಡೆಯ ಮೇಲೇ ಆ ಜಾಹೀರಾತು ಬರೆದಿದ್ದಾರೆ, ಫೋನ್ ನಂಬರ್ ಸಮೇತ. ಪೊಲೀಸರು ಹುಡುಕುವ ಶ್ರಮ ಕೂಡ ಬೇಡ, ಡಯಲ್ ಮಾಡಿದರೆ ಸಾಕು. ಅರವತ್ತು ವರ್ಷದ ಮನುಷ್ಯ ಸಕ್ಕರೆ ಕಾಯಿಲೆಯಿಂದ ಈ ತೊಂದರೆ ಬರಬಹುದು ಅಂತ ತನ್ನ ಡಾಕ್ಟರ ಹತ್ತಿರ ಬಾಯಿ ಬಿಡಲು ನಾಚಿಕೊಳ್ಳುತ್ತಾನೆ. ಗೋಡೆ ಮೇಲಿನ ನಂಬರಿಗೆ ನಾಚಿಕೆಯಿಲ್ಲದೆ ಎರಡು ಸಾವಿರ ಕಳಿಸುತ್ತಾನೆ. ಆ ನಾಚಿಕೆಯಿಂದಲೇ ದುಡ್ಡು ಮಾಡುತ್ತಿದ್ದಾರೆ. ಥೂ.

ಡಬ್ಬಿ ಈಗ ನನ್ನ ಹತ್ತಿರ ಇದೆ. ಸೊಸೆ ಬೀರು ಕ್ಲೀನ್ ಮಾಡುತ್ತಾಳೆ, ಸ್ವಲ್ಪ ದಿನ ಇಟ್ಟುಕೊಳ್ಳಿ ಸಾರ್ ಅಂತ ಎಂಜಿನಿಯರ್ ಕೊಟ್ಟರು. ನನ್ನ ಬೀರು ನನ್ನ ಹೆಂಡತಿ ಕ್ಲೀನ್ ಮಾಡುತ್ತಾಳೆ ಅಂತ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದಳು. ಚರಕ ಇದೇ ಅಧ್ಯಾಯದಲ್ಲಿ ಎಲ್ಲಕ್ಕಿಂತ ಮೇಲಿನ ವಾಜೀಕರಣ ಮನಸ್ಸಿಗೆ ಹಿಡಿಸಿದ ಹೆಂಗಸೇ ಅಂತ ಬರೆದಿದ್ದಾನೆ ಕಣೇ ಅಂದೆ, ಮಾತು ತಿರುಗಿಸಲು.

"ಆ ಹೆಂಗಸು ಉದ್ದು ರುಬ್ಬಿ, ಕೋಳಿ ಸಾರು ಮಾಡಿ, ಪಾತ್ರೆ ತೊಳೆದು ಬರೋ ಹೊತ್ತಿಗೆ ಹನ್ನೊಂದು ಗಂಟೆ ಆಗಿರುತ್ತೆ. ಅದೂ ಬರೆದಿದ್ದಾರಾ?" ಅಂದಳು. "ಭಾನುವಾರ ನಾಟಿ ಕೋಳಿ ಬೇಕು ಅಂದ್ರಲ್ಲ. ಖಾರ ನೀವೇ ರುಬ್ಬಿ."

ರುಬ್ಬಿದೆ. ಈರುಳ್ಳಿ ಸುಟ್ಟು, ಕಾಯಿ ತುರಿದು, ಮುದ್ದೆಯನ್ನೂ ನಾನೇ ತೊಳಸಿದೆ. ಎರಡು ಗಂಟು ಉಳಿದಿತ್ತು. ಪಾತ್ರೆ ತೊಳೆದು ದೀಪ ಆರಿಸುವಷ್ಟರಲ್ಲಿ ಹತ್ತೂವರೆ. ಸೊಂಟ ಹಿಡಿದುಕೊಂಡಿತ್ತು. ಅವಳು ಎಚ್ಚರವಾಗಿದ್ದಳು, ಏನೋ ಕೇಳಿದಳು. ಏನು ಕೇಳಿದಳು ಅಂತ ಗೊತ್ತಿಲ್ಲ, ನನಗೆ ಅಷ್ಟರಲ್ಲಿ ನಿದ್ದೆ ಬಂದಿತ್ತು. ಸಾರು ಮಾತ್ರ ಚೆನ್ನಾಗಿತ್ತು.