ಇಪ್ಪತ್ತು ದಿನದ ದುಡಿಮೆಗೆ ಮುನ್ನೂರು ರೂಪಾಯಿ

"ಮಾಮ, ಇದಕ್ಕೆ ಸೈನ್ ಹಾಕಲಾ?" ಅಂತ ಅಕ್ಕನ ಮಗ ಒಂದು ಹಾಳೆಯ ಫೋಟೋ ವಾಟ್ಸಾಪ್ ಮಾಡಿದ್ದ. ತುಮಕೂರಿನ ಒಂದು ಬೈಕ್ ಶೋರೂಮಿನಲ್ಲಿ ಸೇಲ್ಸ್ ಕೆಲಸ ಮಾಡುತ್ತಿದ್ದವನು ಜನವರಿ 20ಕ್ಕೆ ಬಿಟ್ಟ. ಫುಲ್ ಅಂಡ್ ಫೈನಲ್ ಲೆಕ್ಕ, ಅಂದರೆ ಬಿಟ್ಟವರಿಗೆ ಕೊಡುವ ಕೊನೆಯ ಲೆಕ್ಕ, ಬಂದಿದ್ದು ಮಾರ್ಚ್‌ನಲ್ಲಿ. ತಿಂಗಳಿಗೆ 18,000, ಹಾಗಾಗಿ 20 ದಿನಕ್ಕೆ 12,000. ಅದರ ಕೆಳಗೆ ಒಂದೇ ಸಾಲು: ಹೆಚ್ಚುವರಿ ಇನ್ಸೆಂಟಿವ್ ವಾಪಸ್, 11,700. ಕೈಗೆ ಬರೋದು 300. ಗುಬ್ಬಿಯಿಂದ ದಿನಾ ಬಸ್ಸಲ್ಲಿ ಓಡಾಡಿದ ಹುಡುಗ, ಚಾರ್ಜಿಗೂ ಸಾಲಲ್ಲ. ಹಾಳೆಯ ತಳದಲ್ಲಿ ಸಣ್ಣ ಅಕ್ಷರದಲ್ಲಿ "ನನಗೆ ಬರಬೇಕಾದ್ದೆಲ್ಲ ಬಂದಿದೆ" ಅಂತಿತ್ತು. ಸೈನ್ ಅದರ ಕೆಳಗೆ.

ಇಂಥ ಸಾಲು ನಾನೂ ಟೈಪ್ ಮಾಡಿದವನೇ. ತುಮಕೂರಿನದೇ ಬಟವಾಡಿ ಕಡೆ ಒಂದು ಏಜೆನ್ಸಿಯಲ್ಲಿ ಆರು ವರ್ಷ ಲೆಕ್ಕ ಬರೆದಿದ್ದೇನೆ. ಯಾರಾದರೂ ಬಿಡುತ್ತಾರೆ ಅಂದ ಕೂಡಲೇ ಓನರ್ ಕೇಳುತ್ತಿದ್ದದ್ದು, "ಇವನ ಮೇಲೆ ಏನಾದ್ರೂ ಬಾಕಿ ಇದ್ಯಾ ನೋಡಿ." ಇದ್ದಾಗ ನೆನಪಾಗದ್ದೆಲ್ಲ ಆಗ ನೆನಪಾಗುತ್ತಿತ್ತು.

ಹಾಗಂತ ಈ ಶೋರೂಮಿನ ಓನರ್ ಹೇಳೋದೆಲ್ಲ ಸುಳ್ಳಲ್ಲ. ಆಯುಧಪೂಜೆ ಹೊತ್ತಿಗೆ ಬುಕಿಂಗ್ ಆಯ್ತು ಅಂತ ಗಾಡಿಗೆ 900ರಂತೆ ಇನ್ಸೆಂಟಿವ್ ಕೊಟ್ಟುಬಿಟ್ಟಿದ್ದರು. ಆಮೇಲೆ ಲೋನ್ ಸಿಗದೆ ಕೆಲವರು ಕ್ಯಾನ್ಸಲ್ ಮಾಡಿದರು. ಗಾಡಿಯೇ ಹೋಗದಿದ್ದರೆ ಇನ್ಸೆಂಟಿವ್ ಯಾಕೆ? ಜಾಸ್ತಿ ಕೊಟ್ಟದ್ದನ್ನು ಸರಿಮಾಡಿಕೊಳ್ಳೋಕೆ ಕಾನೂನಲ್ಲೂ ದಾರಿ ಇದೆ. ಆದರೆ ಒಂದು ಸಲದ ಸಂಬಳದಲ್ಲಿ ಎಲ್ಲ ಕಡಿತ ಸೇರಿ ಅರ್ಧ ದಾಟುವ ಹಾಗಿಲ್ಲ. ಹಳೇ 1936ರ ವೇತನ ಪಾವತಿ ಕಾಯ್ದೆಯಲ್ಲೂ ಸಾಮಾನ್ಯವಾಗಿ ಅರ್ಧವೇ ಮಿತಿ ಇತ್ತು. ಅದರ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯಲ್ಲೂ ಅಷ್ಟೇ. ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನದೊಳಗೆ ಸಂಬಳ ಕೊಡಬೇಕು ಅಂತಲೂ ಅದೇ ಸಂಹಿತೆ ಹೇಳುತ್ತದೆ. ಇವನಿಗೆ ಬರಬೇಕಿದ್ದದ್ದು ಜನವರಿಯಲ್ಲೇ.

ನನಗೆ ನಗು ಬರುವ ಇನ್ನೊಂದು ವಿಷಯ ಇದೆ. ಪಿಎಫ್ ಲೆಕ್ಕ ಹಾಕುವಾಗ ಹೀಗೆ ಗಾಡಿ ಲೆಕ್ಕದಲ್ಲಿ ಕೊಡುವ ಕಮಿಷನ್ ಸಂಬಳ ಅಲ್ಲ. ಸಂಹಿತೆಯ ವ್ಯಾಖ್ಯಾನದಲ್ಲೂ ಅದನ್ನು ಸಂಬಳದಿಂದ ಹೊರಗಿಟ್ಟಿದ್ದಾರೆ. ಬಿಟ್ಟು ಹೋಗುವ ದಿನ ಮಾತ್ರ ಅದು "ಜಾಸ್ತಿ ಕೊಟ್ಟ ಸಂಬಳ" ಆಗಿಬಿಡುತ್ತೆ. ವಕೀಲರು ಇದರ ಮೇಲೆ ವಾದ ಮಾಡಲಿ, ನನಗಂತೂ ಎರಡೂ ಕಡೆ ಒಬ್ಬರಿಗೇ ಲಾಭ ಅನ್ಸುತ್ತೆ.

"ಸೈನ್ ಹಾಕ್ಬೇಡ, ಮೊದಲು ಬುಕಿಂಗ್ ನಂಬರ್ ಪಟ್ಟಿ ಕೇಳು, ಮೇಲ್‌ನಲ್ಲೇ ಕೇಳು" ಅಂದೆ. ನಾಲ್ಕು ದಿನ ಆಟ ಆಡಿಸಿ ಕಳಿಸಿದರು. 13 ನಂಬರ್. ಅವನು ತನ್ನ ಹಳೇ ಡೈರಿ ತೆಗೆದು ಒಂದೊಂದೇ ನೋಡಿದ. ಅದರಲ್ಲಿ ನಾಲ್ಕು ಗಾಡಿ ಡಿಸೆಂಬರಲ್ಲಿ ಡೆಲಿವರಿ ಆಗಿದ್ದವು! ಒಂದರ ಪೂಜೆಗೆ ನಿಂಬೆಹಣ್ಣು ತಂದಿಟ್ಟವನೇ ಇವನು, ಫೋಟೋ ಮೊಬೈಲಲ್ಲಿತ್ತು. ಅಂದರೆ ನಿಜವಾಗಿ ವಾಪಸ್ ಬರಬೇಕಾದದ್ದು 8,100. ಈ ಸಂಬಳದಲ್ಲಿ ಹಿಡಿಯಬಹುದಾದದ್ದು 6,000.

ಕಾರ್ಮಿಕ ಇಲಾಖೆಗೆ ಹೋಗಿ ಕ್ಲೇಮ್ ಹಾಕಬಹುದು, ಮೂರು ವರ್ಷದವರೆಗೆ ಸಮಯ ಇದೆ, ಬಾಕಿ ಕೊಟ್ಟಿದ್ದೇವೆ ಅಂತ ಸಾಬೀತು ಮಾಡಬೇಕಾದವರು ಮಾಲೀಕರೇ. ಇಷ್ಟನ್ನು ಫೋಟೋ ಸಮೇತ ಮೇಲ್‌ನಲ್ಲಿ ಬರೆಸಿದೆ. ಅಲ್ಲಿಗೆ ಹೋಗುವ ಅಗತ್ಯ ಬರಲಿಲ್ಲ. ಮೊನ್ನೆ ಹೊಸ ಹಾಳೆ ಬಂತು, ಕಡಿತ 6,000.

ಉಳಿದ 2,100 ನೀನೇ ಕೊಡಬೇಕಪ್ಪಾ, ಕಂತಿನಲ್ಲಿ ಕೊಡ್ತೀನಿ ಅಂತ ಬರೆದುಕೊಡು ಅಂದೆ. ಮುಖ ಸಪ್ಪಗಾಯ್ತು. "ನೀನು ಯಾರ ಕಡೆ ಮಾಮ?" ಅಂದ.